ಸಹಾಯ ಬೇಕು: ಅಮ್ಮನ ಮಾತಿರುವ ಕ್ಯಾಸೆಟ್ ಒಂದು ಬದಿ ಮಂದವಾಗಿದೆ

ತೀರಿಕೊಂಡ ಅಮ್ಮನ ಪೆಟ್ಟಿಗೆಯಲ್ಲಿ ಹಳೆಯ ಆಡಿಯೊ ಕ್ಯಾಸೆಟ್ ಸಿಕ್ಕಿದೆ. ಮೊಮ್ಮಕ್ಕಳನ್ನು ಕೂರಿಸಿಕೊಂಡು ತಮ್ಮ ಬಾಲ್ಯ, ಮದುವೆ, ನಮ್ಮನ್ನು ಸಾಕಿದ ಕಷ್ಟವನ್ನೆಲ್ಲ ಹೇಳಿದ್ದಾರೆ. ನಡುನಡುವೆ ಕೆಮ್ಮು, "ಏಯ್, ಆ ಗುಂಡಿ ಒತ್ತಬೇಡ" ಎಂಬ ಗದರಿಕೆ. ನನಗಂತೂ ಕಥೆಗಿಂತ ಆ ಗದರಿಕೆಯೇ ಹೆಚ್ಚು.

ಮೊದಲ ಬದಿ ಚೆನ್ನಾಗಿದೆ. ಟೇಪ್ ರೆಕಾರ್ಡರನ್ನು ಕಂಪ್ಯೂಟರಿಗೆ ಜೋಡಿಸಿ ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ ವೇವ್ ಕಡತವಾಗಿ ಉಳಿಸಿಕೊಂಡೆ. ಎರಡನೆಯ ಬದಿಯಲ್ಲಿ ಮಾತ್ರ ಧ್ವನಿ ಕಂಬಳಿಯೊಳಗಿಂದ ಬಂದಂತೆ ಮಂದ. ಸ, ಶ ಅಕ್ಷರಗಳು ಕೇಳಿಸುವುದೇ ಇಲ್ಲ. ಟೇಪಿನಿಂದ ಧ್ವನಿ ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದೆ, ಟೇಪನ್ನು ಹಿಂದೆ ಮುಂದೆ ಪೂರ್ತಿ ಸುತ್ತಿಸಿದೆ, ಕಂಪ್ಯೂಟರಿನಲ್ಲಿ ಟ್ರೆಬಲ್ (ತೀಕ್ಷ್ಣ ಸ್ವರಗಳ ಮಟ್ಟ) ಏರಿಸಿದೆ. ಟ್ರೆಬಲ್ ಏರಿಸಿದರೆ ಬರೀ ಹಿಸ್ಸೆನ್ನುವ ಸದ್ದು ಹೆಚ್ಚುತ್ತದೆ. ಬೇರೆ ಕ್ಯಾಸೆಟ್‌ಗಳು ಇದೇ ಯಂತ್ರದಲ್ಲಿ ಎರಡೂ ಬದಿ ಸ್ಪಷ್ಟವಾಗಿವೆ.

ಆ ಬದಿಯನ್ನು ಹೆಡ್ ಓರೆಯಾಗಿದ್ದ ಬೇರೊಂದು ಯಂತ್ರದಲ್ಲಿ ರೆಕಾರ್ಡ್ ಮಾಡಿರಬಹುದು ಎಂಬುದು ನನ್ನ ಅನುಮಾನ. ಹಾಗಿದ್ದರೆ ಹೆಡ್ಡಿನ ಪಕ್ಕದ ಅಜಿಮತ್ ತಿರುಪನ್ನು (ಹೆಡ್ಡಿನ ಓರೆಯನ್ನು ಬದಲಿಸುವ ಸ್ಕ್ರೂ) ಹೊಂದಿಸಬೇಕು. ಕ್ಯಾಸೆಟ್ಟಿನ ಕವಚವೇ ಸೊಟ್ಟಗಾಗಿದ್ದರೆ ಟೇಪನ್ನು ಹೊಸ ಕವಚಕ್ಕೆ ಹಾಕಬೇಕು. ಟೇಪ್ ಹರಿದರೆ ಎಂಬ ಭಯಕ್ಕೆ ಕೈ ಹಾಕಿಲ್ಲ.

ಈ ಕೆಲಸ ಬಲ್ಲವರು ಹೇಳಿ: ಮೊದಲು ತಿರುಪು ಹೊಂದಿಸಲೇ, ಕವಚ ಬದಲಿಸಲೇ? ತಿರುಪು ಎಂದಾದರೆ, ಸರಿಯಾದ ಜಾಗ ಸಿಕ್ಕಿತೆಂದು ಕಿವಿಯಿಂದ ಗುರುತಿಸುವುದು ಹೇಗೆ?