ದಾಳಿಂಬೆ ಡಬ್ಬಿಯಲ್ಲಿ ನೀರಾಗದಂತೆ ಕಳಿಸೋದು ಹೇಗೆ?

ಡಬ್ಬಿ ಅಮ್ಮ:
ಮಗಳು ಎರಡನೇ ಕ್ಲಾಸು. ಶಾರ್ಟ್ ಬ್ರೇಕ್‌ಗೆ ಬಿಸ್ಕತ್ತು, ಚಿಪ್ಸ್ ಬೇಡ, ಹಣ್ಣು ಕಳಿಸಿ ಅಂತ ಸ್ಕೂಲಲ್ಲಿ ಹೇಳಿದ್ದಾರೆ. ಸೇಬು ಕಪ್ಪಾಗುತ್ತದೆ, ಬಾಳೆಹಣ್ಣು ಬ್ಯಾಗಲ್ಲಿ ಅಪ್ಪಚ್ಚಿ, ಕೊನೆಗೆ ಉಳಿದಿದ್ದು ದಾಳಿಂಬೆ. ಬೆಳಗ್ಗೆ ಬಿಡಿಸಿ ಉಪ್ಪು, ಚಾಟ್ ಮಸಾಲೆ ಕಲಸಿ ಹಾಕುತ್ತೇನೆ. ಬ್ರೇಕ್ ಹೊತ್ತಿಗೆ ತಳದಲ್ಲಿ ಕೆಂಪು ನೀರು, ಕಾಳೆಲ್ಲ ಸೊರಗಿ ಹೋಗಿರುತ್ತವೆ, ಹಾಗೇ ವಾಪಸ್ ತರುತ್ತಾಳೆ. ಬಿಡಿಸೋದೂ ಸುಲಭದ ಕೆಲಸ ಅಲ್ಲ, ಗೋಡೆ ಟೈಲ್ಸ್ ತನಕ ರಸ ಚಿಮ್ಮುತ್ತದೆ. ಅಂಗಡಿಯಲ್ಲಿ ಕೆಂಪಗಿರೋದನ್ನೇ ಆರಿಸಿ ತಂದರೂ ಕೆಲವೊಮ್ಮೆ ಒಳಗೆ ಸಪ್ಪೆ. ಅತ್ತೆ ಬೇರೆ, ರಕ್ತ ಆಗುತ್ತೆ, ದಿನಾ ಕೊಡು ಅಂತಾರೆ. ಅದು ನಿಜವಾ?

ಬಾಗಲಕೋಟೆ ಕಡೆಯವ:
ನಮ್ಮದು ದಾಳಿಂಬೆ ತೋಟ ಇದೆ ರೀ, ಅದಕ್ಕೆ ಆರಿಸೋದರಿಂದ ಶುರು ಮಾಡುತ್ತೇನೆ. ಹೊರಗಿನ ಬಣ್ಣ ನೋಡಿ ಮೋಸ ಹೋಗಬೇಡಿ. ಕೈಯಲ್ಲಿ ಎತ್ತಿ ನೋಡಿ, ಗಾತ್ರಕ್ಕಿಂತ ಭಾರ ಅನ್ನಿಸಬೇಕು. ಚೆಂಡಿನ ಹಾಗೆ ದುಂಡಗಿರೋದಕ್ಕಿಂತ ಮೈ ಸ್ವಲ್ಪ ಚಪ್ಪಟೆಯಾಗಿ ಏಣು ಎದ್ದಿರೋ ಹಣ್ಣು ವಾಸಿ, ಒಳಗೆ ಕಾಳು ತುಂಬಿಕೊಂಡು ಸಿಪ್ಪೆಯನ್ನು ಒತ್ತಿರುತ್ತವೆ. ಸಿಪ್ಪೆ ಮೇಲೆ ಒರಟು ಕಲೆ ಇದ್ದರೆ ಹೆದರಬೇಡಿ, ಎಷ್ಟೋ ಸಲ ಅದು ಬರೀ ಮೇಲಿನದು. ಆದರೆ ಮೆತ್ತಗಾದ ಜಾಗ, ಬಿರುಕು ಇದ್ದರೆ ಬೇಡ. ಇನ್ನೊಂದು ವಿಷಯ, ದಾಳಿಂಬೆ ಕಿತ್ತ ಮೇಲೆ ಮಾವಿನ ಹಾಗೆ ಹಣ್ಣಾಗೋದಿಲ್ಲ. ಕಾಯಿ ಕಿತ್ತಿದ್ದರೆ ಮನೆಯಲ್ಲಿ ಎಷ್ಟು ದಿನ ಇಟ್ಟರೂ ಸಿಹಿ ಬರೋದಿಲ್ಲ. ಈಗ ಮಾರ್ಕೆಟಲ್ಲಿ ಜಾಸ್ತಿ ಬರೋದು ಭಗವಾ ತಳಿ, ಕಾಳು ಗಾಢ ಕೆಂಪು. ಗಣೇಶ್ ತಳಿ ಸಿಕ್ಕರೆ ಅದರ ಕಾಳು ತಿಳಿ ಗುಲಾಬಿ, ಅದನ್ನು ನೋಡಿ ಬಲಿತಿಲ್ಲ ಅಂದುಕೊಂಡು ಬಿಸಾಡಬೇಡಿ, ಸಿಹಿಯಾಗೇ ಇರುತ್ತದೆ, ಬೀಜವೂ ಮೆತ್ತಗೆ. ಹಸ್ತ ಬಹಾರದ ಹಣ್ಣು, ಅಂದರೆ ಮಳೆಗಾಲದ ಕೊನೆಗೆ ಹೂ ಬಿಟ್ಟ ಬೆಳೆ, ಫೆಬ್ರವರಿಯಿಂದ ಏಪ್ರಿಲ್ ತನಕ ಬರುತ್ತದೆ, ನಮ್ಮ ಮನೆಯಲ್ಲಿ ಆಸೆಪಟ್ಟು ತಿನ್ನೋದು ಅದನ್ನೇ.

ಬಿಡಿಸೋಕೆ ಹಣ್ಣನ್ನು ನಡುವೆ ಕತ್ತರಿಸಲೇಬೇಡಿ. ಚಾಕು ಹಾದ ಕಡೆಯೆಲ್ಲ ಕಾಳು ಒಡೆಯುತ್ತವೆ, ಟೈಲ್ಸಿಗೆ ಹಾರೋದು ಅದೇ ರಸ. ಕಿರೀಟದ ಸುತ್ತ ತೆಳ್ಳಗೆ ಗೀರಿ ಮುಚ್ಚಳದ ಹಾಗೆ ತೆಗೆಯಿರಿ. ಒಳಗೆ ಬಿಳಿ ಪೊರೆ ನಡುವಿನಿಂದ ಐದಾರು ಗೆರೆಯಾಗಿ ಹೋಗಿರೋದು ಕಾಣುತ್ತದೆ. ಅದೇ ಗೆರೆ ಹಿಡಿದು ಹೊರಗಿನ ಸಿಪ್ಪೆಯನ್ನಷ್ಟೇ ಮೇಲಿಂದ ಕೆಳಗೆ ಗೀರಿ, ಎರಡು ಹೆಬ್ಬೆರಳಿಟ್ಟು ಬಿಚ್ಚಿ. ಹೋಳು ಹೋಳಾಗಿ ಬಿಟ್ಟುಕೊಳ್ಳುತ್ತದೆ, ಒಂದು ಹನಿ ರಸ ಬಂದರೆ ಹೆಚ್ಚು. ಆಮೇಲೆ ಪ್ರತಿ ಹೋಳನ್ನೂ ಹಿಂದಕ್ಕೆ ಬಗ್ಗಿಸಿ ಬೆರಳಾಡಿಸಿದರೆ ಕಾಳು ತಟ್ಟೆಗೆ ಉದುರುತ್ತವೆ.

ಮಲ್ಲೇಶ್ವರದ ಮಂಡಕ್ಕಿ:
ನೀರು ಬಿಡೋದಕ್ಕೆ ಕಾರಣ ಉಪ್ಪು. ಬೆಳಗ್ಗೆ ಹಾಕಬೇಡಿ ಅಷ್ಟೇ.

ಲೆಕ್ಕದ ಚಿಕ್ಕಮ್ಮ:
ರಕ್ತದ ವಿಚಾರ ಹೇಳುತ್ತೇನೆ, ಅತ್ತೆಗೆ ಬೇಜಾರಾಗದ ಹಾಗೆ ನೀವೇ ತಿಳಿಸಿ. 100 ಗ್ರಾಂ ದಾಳಿಂಬೆ ಕಾಳಲ್ಲಿ ಕಬ್ಬಿಣ ಇರೋದು ಸುಮಾರು 0.3 ಮಿಲಿಗ್ರಾಂ. ದೊಡ್ಡ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಪಟ್ಟಿ ಹೇಳುತ್ತದೆ. ಎರಡನ್ನೂ ಪಕ್ಕ ಇಟ್ಟು ನೋಡಿ. ಬಣ್ಣ ಕೆಂಪು ಅಂತ ರಕ್ತ ಆಗಿಬಿಡುತ್ತದಾ? ಮಗುವಿಗೆ ರಕ್ತ ಕಡಿಮೆ ಅಂತ ಡಾಕ್ಟರ್ ಹೇಳಿದ್ದರೆ ಅವರು ಕೊಟ್ಟ ಔಷಧಿ ಬಿಟ್ಟು ಇದನ್ನು ನಂಬಿ ಕೂರಬೇಡಿ. ಹಾಗಂತ ಹಣ್ಣು ಕೆಟ್ಟದ್ದು ಅಂತಲ್ಲ. ಅಷ್ಟೇ ಕಾಳಲ್ಲಿ 4 ಗ್ರಾಂ ನಾರು ಇದೆ, ವಿಟಮಿನ್ ಸಿ ಕೂಡ ಸ್ವಲ್ಪ ಇದೆ, ಅದು ಬೇಳೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತೋಕೆ ಸಹಾಯ ಮಾಡುತ್ತದೆ. ಅದಕ್ಕೇ ಹೆಸರುಬೇಳೆ ಕೋಸಂಬರಿಗೆ ದಾಳಿಂಬೆ ಹಾಕಿ ನಿಂಬೆಹುಳಿ ಹಿಂಡೋದು ನನಗೆ ಇಷ್ಟ. ಜ್ಯೂಸ್ ಮಾತ್ರ ಮಾಡಬೇಡಿ, ನಾರು ಇರೋ ಬೀಜವನ್ನೇ ಸೋಸಿ ಎಸೆದು ಸಿಹಿ ನೀರು ಕುಡಿಯೋದು ಯಾವ ಲಾಭಕ್ಕೆ? ಮಿಕ್ಸಿಯಲ್ಲಿ ಜಾಸ್ತಿ ತಿರುಗಿಸಿದರೆ ಬೀಜ ಅರೆದು ಒಗರು ಬೇರೆ.

ಶಿರಸಿ ಕಡೆಯವಳು:
ಸಿಪ್ಪೆ ಎಸೆಯಬೇಡಿ ಮಾರಾಯ್ರೇ! ತೊಳೆದು ಬಿಸಿಲಲ್ಲಿ ಒಣಗಿಸಿ ಡಬ್ಬಿಗೆ ಹಾಕಿಡಿ. ಹೊಟ್ಟೆ ಕೆಟ್ಟಾಗ ನಮ್ಮಲ್ಲಿ ಅದರ ತಂಬುಳಿಯೇ. ಉಗುರಗಲದ ಚೂರು ಸಾಕು, ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಹುರಿದು, ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸೋದು. ಜಾಸ್ತಿ ಹಾಕಿದರೆ ಬಾಯೆಲ್ಲ ಒಗರು.

ಸಂಜೆ ತಿಂಡಿಗೆ ಬೇಕಾದರೆ ಬೇಯಿಸಿದ ಶೇಂಗಾ, ಹೆಚ್ಚಿದ ಈರುಳ್ಳಿ, ದಾಳಿಂಬೆ, ಕೊತ್ತಂಬರಿ ಸೊಪ್ಪು ಕಲಸಿ, ತಿನ್ನೋ ಹೊತ್ತಿಗೆ ಉಪ್ಪು, ನಿಂಬೆರಸ. ಮೊಸರನ್ನಕ್ಕೂ ಅಷ್ಟೇ, ಬಡಿಸುವಾಗ ಮೇಲೆ ಉದುರಿಸಿ, ಮೊದಲೇ ಕಲಸಿಟ್ಟರೆ ಅನ್ನ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಚಾಟ್ ಮಸಾಲೆ ನನಗೆ ಸೇರೋದಿಲ್ಲ, ಎಲ್ಲದಕ್ಕೂ ಅದೇ ರುಚಿ ಬಂದುಬಿಡುತ್ತದೆ. ಹುರಿದ ಜೀರಿಗೆ ಪುಡಿ, ಚಿಟಿಕೆ ಉಪ್ಪು ಸಾಕು.

ಮಲ್ಲೇಶ್ವರದ ಮಂಡಕ್ಕಿ:
ಚಾಟ್ ಮಸಾಲೆ ಇಲ್ಲದೆ ಮಕ್ಕಳು ತಿಂದರೆ ಹೇಳಿ ನೋಡೋಣ 😄

ಡಬ್ಬಿ ಅಮ್ಮ:
ಕಿರೀಟ ತೆಗೆದು ಬಿಚ್ಚೋದು ಇವತ್ತೇ ಮಾಡಿ ನೋಡಿದೆ, ಟೈಲ್ಸ್ ಕ್ಲೀನ್! ಉಪ್ಪನ್ನು ಪುಟ್ಟ ಕಾಗದದ ಪೊಟ್ಟಣ ಕಟ್ಟಿ ಬೇರೆ ಕಳಿಸುತ್ತೇನೆ. ಇನ್ನೊಂದೇ ಪ್ರಶ್ನೆ, ರಾತ್ರಿಯೇ ಬಿಡಿಸಿ ಫ್ರಿಜ್ಜಲ್ಲಿಟ್ಟರೆ ನಡೆಯುತ್ತದಾ? ಬೆಳಗ್ಗೆ ಆರು ಗಂಟೆಗೆ ಇದಕ್ಕೆಲ್ಲ ಕೈ ಬಿಡುವಿರೋದಿಲ್ಲ. ಮನೆಯಲ್ಲಿ ಒಂದು ವರ್ಷದ ಚಿಕ್ಕವನೂ ಇದ್ದಾನೆ, ಅವನೂ ಕೈ ಚಾಚುತ್ತಾನೆ.

ಬಾಗಲಕೋಟೆ ಕಡೆಯವ:
ಧಾರಾಳವಾಗಿ ಇಡಿ. ಒಡೆದ ಕಾಳು ಆರಿಸಿ ಬಾಯಿಗೆ ಹಾಕಿಕೊಳ್ಳಿ, ಉಳಿದದ್ದು ಗಾಳಿಯಾಡದ ಡಬ್ಬಿಗೆ, ತಳಕ್ಕೆ ಒಣ ಬಟ್ಟೆ. ಎರಡು ಮೂರು ದಿನ ಗರಿಗರಿ ಇರುತ್ತದೆ. ಹುಳಿ ವಾಸನೆ ಬಂದರೆ ಎಸೆದುಬಿಡಿ. ನೀರಲ್ಲಿ ಮುಳುಗಿಸಿ ಬಿಡಿಸಿದ್ದರೆ ಪೂರ್ತಿ ಒರೆಸಿಯೇ ಇಡಬೇಕು. ಚಿಕ್ಕವನಿಗೆ ಕಾಳು ಹಾಗೇ ಕೊಡಬೇಡಿ ರೀ, ಗಂಟಲಿಗೆ ಸಿಕ್ಕಿಕೊಂಡೀತು. ಜರಡಿಯಲ್ಲಿ ಚಮಚದಿಂದ ಒತ್ತಿ ಬಂದ ರಸವನ್ನು ಮೊಸರಿಗೆ ಕಲಸಿ ತಿನ್ನಿಸಿ.