ಪದಚರ್ಚೆ: ಸರ್ಕಾರದ ಖರ್ಚಿನ ಮೇಲೆ ‘ಉಸ್ತುವಾರಿ’ಯೋ, ‘ನಿಗಾ’ವೋ, ‘ಲೆಕ್ಕ ಕೇಳುವುದೋ’?

ಎಲ್ಲರಿಗೂ ನಮಸ್ಕಾರ.

ಸರ್ಕಾರದ ಲೆಕ್ಕ ಪರಿಶೋಧನಾ ವರದಿಗಳನ್ನು ಓದಿಕೊಳ್ಳುವುದು ಹೇಗೆ ಅಂತ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಪಂಚಾಯಿತಿ ಸದಸ್ಯರು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವವರು, ಹೊಸದಾಗಿ ಕೆಲಸಕ್ಕೆ ಸೇರಿದ ವರದಿಗಾರರು, ಇಂಥವರ ಕೈಗೆ ಹೋಗಬೇಕಾದದ್ದು. ಇಂಗ್ಲಿಷಿನಲ್ಲಿ ‘ಓವರ್‌ಸೈಟ್’ ಅನ್ನುತ್ತಾರಲ್ಲ, ಅದಕ್ಕೆ ಪದ ಬೇಕಾಗಿದೆ. ಸರ್ಕಾರ ಮಾಡಿದ ಖರ್ಚನ್ನು ಖರ್ಚು ಮಾಡದವರು ಹೊರಗಿನಿಂದ ನೋಡಿ, ಪ್ರಶ್ನೆ ಎತ್ತಿ, ಉತ್ತರ ಪಡೆಯುವ ಇಡೀ ಏರ್ಪಾಟು ಅನ್ನುವ ಅರ್ಥದಲ್ಲಿ.

ನಿಘಂಟಿನಲ್ಲಿ ಪದಗಳಿಗೇನೂ ಬರವಿಲ್ಲ. ಉಸ್ತುವಾರಿ, ಮೇಲ್ವಿಚಾರಣೆ, ನಿಗಾ, ಕಣ್ಗಾವಲು, ಎಲ್ಲ ಇವೆ. ಒಂದೊಂದನ್ನೂ ವಾಕ್ಯದಲ್ಲಿ ಕೂರಿಸಿ ನೋಡಿದಾಗ ತೊಡಕು ಶುರು. ಇಂಗ್ಲಿಷಿನವರ ಪಾಡೂ ಅಷ್ಟೇನೂ ಸುಖವಾಗಿಲ್ಲ ಅನ್ನಿ. ಅವರ ಆ ಪದಕ್ಕೆ ‘ಕಣ್ತಪ್ಪು’ ಅನ್ನುವ ಅರ್ಥವೂ ಇದೆ. ಅದನ್ನು ಹಾಗೇ ಮುರಿದು ಕನ್ನಡಕ್ಕೆ ತಂದರೆ ‘ಮೇಲ್ನೋಟ’ ಆಗುತ್ತದೆ. ಖರ್ಚನ್ನು ಮೇಲ್ನೋಟಕ್ಕೆ ನೋಡಿ ಬಿಡುವುದು ನಮಗೆ ಬೇಕಾದದ್ದರ ತದ್ವಿರುದ್ಧ!

ಮೊದಲು ‘ಉಸ್ತುವಾರಿ’. ಇದು ಎಲ್ಲರಿಗೂ ಗೊತ್ತಿರುವ ಪದ. ಆದರೆ ‘ಜಿಲ್ಲಾ ಉಸ್ತುವಾರಿ ಸಚಿವರು’ ಅಂತ ದಿನಾ ಕೇಳಿ ಕೇಳಿ ಅದು ‘ವಹಿಸಿಕೊಂಡವರು’ ಅನ್ನುವ ಅರ್ಥಕ್ಕೆ ಗಟ್ಟಿಯಾಗಿ ಅಂಟಿಕೊಂಡಿದೆ. ‘ಈ ಕಾಮಗಾರಿಯ ಉಸ್ತುವಾರಿ ಎಂಜಿನಿಯರ್ ಅವರದ್ದು’ ಅಂದರೆ ಕೆಲಸ ಮಾಡಿಸುವವರು ಅವರೇ, ಬಿಲ್ ಬರೆಯುವವರೂ ಅವರೇ. ಹೀಗಿರುವಾಗ ‘ಸರ್ಕಾರಿ ವೆಚ್ಚದ ಉಸ್ತುವಾರಿ’ ಅಂತ ಬರೆದರೆ ಓದುಗರಿಗೆ ಹಣಕಾಸು ಇಲಾಖೆ ನೆನಪಾಗುತ್ತದೆ. ಲೆಕ್ಕ ಪರಿಶೋಧಕರು ನೆನಪಾಗುವುದಿಲ್ಲ. ‘ಮೇಲ್ವಿಚಾರಣೆ’ಗೂ ಇದೇ ದೋಷ. ಮೇಲ್ವಿಚಾರಕ ಅದೇ ಕಚೇರಿಯ ಮೆಟ್ಟಿಲಲ್ಲಿ ಒಂದು ಮೇಲೆ ಇರುವವನು, ಹೊರಗಿನವನಲ್ಲ.

‘ನಿಗಾ’ ಚಿಕ್ಕದು, ಚೊಕ್ಕದು. ‘ಖರ್ಚಿನ ಮೇಲೆ ನಿಗಾ’ ಅಂದರೆ ತಟ್ಟನೆ ತಿಳಿಯುತ್ತದೆ. ಆದರೆ ನಿಗಾ ಇಡುವವರು ಸುಮ್ನೆ ನೋಡುತ್ತಿರಬಹುದು. ಪ್ರಶ್ನೆ ಕೇಳಲೇಬೇಕು, ಉತ್ತರ ಪಡೆಯಲೇಬೇಕು ಅನ್ನುವುದು ಆ ಪದದಲ್ಲಿ ಇಲ್ಲ. ‘ತೀವ್ರ ನಿಗಾ ಘಟಕ’ದ ನೆರಳೂ ಇದೆ. ಖಜಾನೆ ಆಮ್ಲಜನಕದ ಮೇಲಿದೆ ಅಂತ ಓದಿಸಿಕೊಂಡರೆ ಕಷ್ಟ (ಕೆಲವು ವರ್ಷ ಅದೂ ನಿಜವೇ ಇರಬಹುದು, ಬಿಡಿ). ‘ಕಣ್ಗಾವಲು’ ಈಗ ಪೂರ್ತಿ ಕ್ಯಾಮರಾಗಳ ಪಾಲಾಗಿದೆ.

ಪತ್ರಿಕೆಗಳಲ್ಲಿ ಇದಕ್ಕಿಂತ ದೊಡ್ಡ ಗೊಂದಲ ಕಾಣುತ್ತದೆ. ತಪಾಸಣೆ, ಪರಿಶೋಧನೆ, ತನಿಖೆ ಮೂರನ್ನೂ ಒಂದರ ಬದಲು ಒಂದು ಬಳಸುತ್ತಾರೆ. ‘ಸಿಎಜಿ ತನಿಖೆಯಲ್ಲಿ ಅಕ್ರಮ ಬಯಲು’ ಅನ್ನುವಂಥ ತಲೆಬರಹ ನೀವೂ ನೋಡಿರುತ್ತೀರಿ. ಸಿಎಜಿ, ಅಂದರೆ ಸರ್ಕಾರಗಳ ಲೆಕ್ಕ ಪರಿಶೋಧಿಸಲು ಸಂವಿಧಾನವೇ ನೇಮಿಸಿಟ್ಟ ಅಧಿಕಾರಿ, ತನಿಖೆ ಮಾಡುವುದಿಲ್ಲ. ಎಫ್‌ಐಆರ್ ಹಾಕುವ, ಯಾರನ್ನಾದರೂ ಬಂಧಿಸುವ ಅಧಿಕಾರ ಅವರಿಗಿಲ್ಲ. ಸಂವಿಧಾನದ 151ನೆಯ ವಿಧಿಯ ಪ್ರಕಾರ ರಾಜ್ಯದ ಲೆಕ್ಕದ ವರದಿಯನ್ನು ರಾಜ್ಯಪಾಲರಿಗೆ ಕೊಡುತ್ತಾರೆ. ರಾಜ್ಯಪಾಲರು ಅದನ್ನು ಶಾಸನಸಭೆಯ ಮುಂದೆ ಇಡಿಸುತ್ತಾರೆ. ಮುಂದಿನ ಪ್ರಶ್ನೆ ಕೇಳುವುದು ಶಾಸಕರೇ ಇರುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಕೆಲಸ. ತನಿಖೆ ಪೊಲೀಸರದ್ದು, 1984ರ ಕಾಯ್ದೆಯಿಂದ ಬಂದ ನಮ್ಮ ಲೋಕಾಯುಕ್ತದ್ದು. ಅಲ್ಲಿ ಆರೋಪಿ ಇರುತ್ತಾನೆ. ಪರಿಶೋಧನೆಯಲ್ಲಿ ಆರೋಪಿ ಇಲ್ಲ, ಬರೀ ಲೆಕ್ಕ ಇರುತ್ತದೆ. ‘ತಪಾಸಣೆ’ ಅಂದರೆ ಒಂದು ಸಲ ಹೋಗಿ ನೋಡಿ ಬರುವುದು ಅಂತ ನನ್ನ ಕಿವಿಗೆ ಕೇಳಿಸುತ್ತದೆ. ಆದರೂ ‘ಲೆಕ್ಕ ತಪಾಸಣೆ’ ಅನ್ನುವ ರೂಢಿ ಹಳೆಯದು, ಅದನ್ನು ತಪ್ಪು ಅನ್ನಲಾರೆ.

ಸಿಎಜಿಯ ಕನ್ನಡ ಹೆಸರನ್ನೇ ನೋಡಿ: ‘ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರು’. ಇದರ ಮೊದಲ ಅರ್ಧ ನಮ್ಮಲ್ಲಿ ಹೆಸರಿಗಷ್ಟೇ. ಬ್ರಿಟನ್ನಿನಲ್ಲಿ ಖಜಾನೆಯಿಂದ ಹಣ ಹೊರಗೆ ಹೋಗಬೇಕಾದರೆ ಈ ಅಧಿಕಾರಿಯ ಒಪ್ಪಿಗೆ ಬೇಕು. ಇಲ್ಲಿ ಬೇಕಿಲ್ಲ. ಹಣ ಹೋದ ಮೇಲೆ ಲೆಕ್ಕ ನೋಡುತ್ತಾರೆ. ಅಂಬೇಡ್ಕರ್ 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆಯಲ್ಲಿ ಮಾತಾಡುತ್ತಾ, ಸಂವಿಧಾನದಲ್ಲಿ ಬಹುಶಃ ಎಲ್ಲರಿಗಿಂತ ಮುಖ್ಯವಾದ ಅಧಿಕಾರಿ ಇವರೇ ಅಂದಿದ್ದರು. ಆ ಮುಖ್ಯತನ ಹೊರಗೆ ನಿಂತಿರುವುದರಿಂದ ಬಂದದ್ದು. ಲೆಕ್ಕಪತ್ರ ಸಮಿತಿಯಲ್ಲೂ ಇದೇ ಎಚ್ಚರ ಇದೆ. ಸಂಸತ್ತಿನ ಸಮಿತಿಯಲ್ಲಿ 22 ಸದಸ್ಯರು, 15 ಲೋಕಸಭೆಯಿಂದ, 7 ರಾಜ್ಯಸಭೆಯಿಂದ. ಮಂತ್ರಿಗಳು ಸದಸ್ಯರಾಗುವಂತಿಲ್ಲ. 1967ರಿಂದ ಅಧ್ಯಕ್ಷರು ವಿರೋಧ ಪಕ್ಷದವರು. ಖರ್ಚು ಮಾಡಿದ ಪಕ್ಷವೇ ಲೆಕ್ಕ ಕೇಳುವ ಕುರ್ಚಿಯಲ್ಲೂ ಕೂತರೆ ಸಮಿತಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಆಗಿಬಿಡುತ್ತದೆ ಅಲ್ವಾ? ನನಗೆ ಬೇಕಾದ ಪದದಲ್ಲಿ ಈ ‘ಹೊರಗೆ ನಿಂತು’ ಅನ್ನುವ ಭಾವ ಇರಬೇಕು.

ಈಗ ಎದುರು ಕಡೆಯ ಪದ. ಲೆಕ್ಕ ಕೊಡಬೇಕಾದವರ ಕರ್ತವ್ಯಕ್ಕೆ, ಅಂದರೆ ‘ಅಕೌಂಟಬಿಲಿಟಿ’ಗೆ, ಏನನ್ನಬೇಕು? ಸರ್ಕಾರಿ ಕನ್ನಡದಲ್ಲಿ ‘ಉತ್ತರದಾಯಿತ್ವ’ ನಡೆಯುತ್ತಿದೆ. ಉತ್ತರ ಕೊಡುವವನಾಗಿರುವುದು ಅಂತ ಅರ್ಥ. ಹೊಸ ಪದದ ಹಾಗೆ ಕಂಡರೂ ಇದೇ ಸಾಮಾನು ನಮ್ಮಲ್ಲಿ ಮೊದಲೇ ಇತ್ತು. ‘ಜವಾಬ್ದಾರಿ’ಯನ್ನು ಬಿಡಿಸಿ ನೋಡಿ. ಜವಾಬು ಅಂದರೆ ಉತ್ತರ. ಜವಾಬುದಾರ ಅಂದರೆ ಉತ್ತರ ಹೇಳಬೇಕಾದವನು. ಕಾಲ ಕಳೆದ ಹಾಗೆ ‘ಜವಾಬ್ದಾರಿ’ಯಲ್ಲಿ ಜವಾಬು ಸವೆದುಹೋಗಿ ಬರೀ ‘ವಹಿಸಿದ ಕೆಲಸ’ ಉಳಿಯಿತು. ‘ಜವಾಬ್ದಾರಿ ತಗೊಂಡಿದ್ದೇನೆ’ ಅನ್ನುವವರು ಯಾರಿಗೂ ಜವಾಬು ಕೊಡುವ ಮಾತಾಡುವುದಿಲ್ಲ. ಅದಕ್ಕೇ ಆ ಜಾಗಕ್ಕೆ ಸಂಸ್ಕೃತದಿಂದ ಇನ್ನೊಂದು ಪದ ಕಟ್ಟಬೇಕಾಯಿತು. ‘ಹೊಣೆಗಾರಿಕೆ’ ಅಚ್ಚಗನ್ನಡ. ಹೊಣೆಯ ಮೂಲ ಅರ್ಥ ಜಾಮೀನು, ಹಳಗನ್ನಡದ ‘ಪೊಣೆ’. ಇನ್ನೊಬ್ಬರ ಪರವಾಗಿ ನಿಂತುಕೊಳ್ಳುವುದು. ತೂಕದ ಪದ. ಆದರೆ ಅದರಲ್ಲಿ ತಪ್ಪಾದರೆ ತೆರುವ ಮಾತು ಜಾಸ್ತಿ, ವಿವರ ಕೊಡುವ ಮಾತು ಕಡಿಮೆ.

ಇಷ್ಟು ತಿರುವಿ ಹಾಕಿದ ಮೇಲೆ ನನಗೆ ಅನ್ನಿಸಿದ್ದು ಇದು. ನಾವು ನಾಮಪದ ಹುಡುಕುತ್ತಾ ಕೂತಿದ್ದೇವೆ. ಕನ್ನಡ ಈ ಕೆಲಸವನ್ನು ಕ್ರಿಯಾಪದದಲ್ಲಿ ಆಗಲೇ ಮಾಡಿಟ್ಟಿದೆ. ‘ಲೆಕ್ಕ ಒಪ್ಪಿಸು’, ‘ಲೆಕ್ಕ ಕೊಡು’ ಅನ್ನುವುದು ಒಂದು ಕಡೆ. ‘ಲೆಕ್ಕ ಕೇಳು’ ಅನ್ನುವುದು ಇನ್ನೊಂದು ಕಡೆ. ಕೊಡುವವರು ಬೇರೆ, ಕೇಳುವವರು ಬೇರೆ. ಬೇಕಾದ ಎರಡು ಪಾತ್ರಗಳೂ ಅಲ್ಲೇ ಇವೆ. ಇದರ ಜೊತೆಗೆ ‘ಕೇಳು’ ಅನ್ನುವುದಕ್ಕೆ ನಮ್ಮಲ್ಲಿ ಪ್ರಶ್ನಿಸು ಅಂತಲೂ ಅರ್ಥ, ಕಿವಿಗೊಡು ಅಂತಲೂ ಅರ್ಥ. ಇಂಗ್ಲಿಷಿನ ‘ಆಡಿಟ್’ ಲ್ಯಾಟಿನ್ನಿನಲ್ಲಿ ‘ಕಿವಿಗೊಡು’ ಅನ್ನುವ ಪದದಿಂದ ಬಂದದ್ದು. ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಪರಿಶೋಧಕ ಕೂತು ಕೇಳುತ್ತಿದ್ದ. ‘ಆಡಿಯೊ’ ಕೂಡ ಅದೇ ಬೇರಿನದು. ಅವರ ಪದದಲ್ಲಿ ಕಿವಿಗೊಡುವುದು ಮಾತ್ರ ಇದೆ, ನಮ್ಮದರಲ್ಲಿ ಪ್ರಶ್ನೆಯೂ ಇದೆ.

ಇದಕ್ಕೆ ಬರಬಹುದಾದ ಆಕ್ಷೇಪ ಊಹಿಸಬಲ್ಲೆ. ‘ಲೆಕ್ಕ ಕೇಳು’ ಅನ್ನುವುದರಲ್ಲಿ ಜಗಳದ ವಾಸನೆ ಇದೆ. ‘ನನ್ನ ಹತ್ತಿರಾನೇ ಲೆಕ್ಕ ಕೇಳ್ತೀಯಾ?’ ಅಂತ ಮುಖ ಕೆಂಪಾಗುತ್ತದೆ. ನಿಜ. ಆದರೆ ಕಚೇರಿಗಳಲ್ಲಿ ‘ಪ್ಯಾರಾ’ ಅನ್ನುವ ಪದಕ್ಕೂ ಅದೇ ವಾಸನೆ ಬಂದಿದೆ. ವರದಿಯ ಒಂದು ಪರಿಚ್ಛೇದ ಅಷ್ಟೇ ಅದು. ಈಗ ‘ಅವರ ಕಾಲದಲ್ಲಿ ಪ್ಯಾರಾ ಬಿದ್ದಿದೆ’ ಅಂದರೆ ನಿವೃತ್ತಿಯಾದವರಿಗೂ ನಿದ್ದೆ ಬರುವುದಿಲ್ಲ.

ಕೇಳುವುದು ಯಾವ ಲೆಕ್ಕವನ್ನು ಅನ್ನುವುದೂ ಬಿಡಿಸಿ ಹೇಳಬೇಕಾದ ವಿಷಯ. ಮಂಜೂರು, ಬಿಡುಗಡೆ, ಬಟವಾಡೆ, ಖರ್ಚು ನಾಲ್ಕೂ ಬೇರೆ ಬೇರೆ. ಸುದ್ದಿಯಲ್ಲಿ ‘ಇಷ್ಟು ಕೋಟಿ ಬಿಡುಗಡೆ’ ಅಂತ ಬಂದರೆ ಓದುಗರು ಕೆಲಸ ಆಗಿಹೋಯಿತು ಅಂದುಕೊಳ್ಳುತ್ತಾರೆ. ಬಿಡುಗಡೆಯಾದ ಹಣ ಯಾವುದೋ ಠೇವಣಿ ಖಾತೆಯಲ್ಲಿ ಮಲಗಿರಬಹುದು. ಸಾದಿಲ್ವಾರು ಬಿಲ್ಲಿನಲ್ಲಿ, ಅಂದರೆ ಕಚೇರಿಗೆ ಆಗಾಗ ಎದುರಾಗುವ ಬಿಡಿ ಖರ್ಚಿನ ಬಿಲ್ಲಿನಲ್ಲಿ, ಮುಂಗಡವಾಗಿ ಸೆಳೆದು, ವಿವರವಾದ ಬಿಲ್ಲನ್ನು ಆಮೇಲೆ ಕೊಡದೇ ಬಿಟ್ಟಿರಬಹುದು. ಪರಿಶೋಧನಾ ವರದಿಗಳಲ್ಲಿ ಇಂಥ ಮಾತು ಮತ್ತೆ ಮತ್ತೆ ಬರುತ್ತದೆ. (‘ಸಾದಿಲ್ವಾರು’ ಎಷ್ಟು ಚೆಂದದ ಪದ! ಕಚೇರಿಯ ಹೊರಗೆ ಯಾರಿಗೂ ಗೊತ್ತಿಲ್ಲ ಅನ್ನುವುದೇ ಬೇಜಾರು.)

ಇನ್ನು ಕಾರ್ಯನಿರ್ವಹಣೆಯ ಪರಿಶೋಧನೆ ಅಂತ ಒಂದಿದೆ. ಅದು ಮೂರು ಪ್ರಶ್ನೆ ಕೇಳುತ್ತದೆ. ಒಂದು ಸ್ಕ್ಯಾನಿಂಗ್ ಯಂತ್ರ ತಗೊಳ್ಳಿ. ಸರಿಯಾದ ಬೆಲೆಗೆ ಕೊಂಡರಾ? ಇದು ಮಿತವ್ಯಯ. ಕೊಂಡ ಯಂತ್ರದಿಂದ ಆಗಬೇಕಾದಷ್ಟು ಕೆಲಸ ತೆಗೆದರಾ, ಅಥವಾ ನಡೆಸುವವರಿಲ್ಲದೆ ಪೆಟ್ಟಿಗೆಯಲ್ಲೇ ಇದೆಯಾ? ಇದಕ್ಕೆ ‘ದಕ್ಷತೆ’ ಅನ್ನುತ್ತಾರೆ. ಕಡೆಗೆ, ಅದರಿಂದ ರೋಗಿಗಳಿಗೆ ಆಗಬೇಕಾದ ಉಪಕಾರ ಆಯಿತಾ? ಇದಕ್ಕೆ ‘ಪರಿಣಾಮಕಾರಿತ್ವ’. ನನ್ನ ತಕರಾರು ನಡುವಿನ ಪದದ ಮೇಲೆ. ಕನ್ನಡದಲ್ಲಿ ‘ದಕ್ಷ ಅಧಿಕಾರಿ’ ಅಂದರೆ ಖಡಕ್ ಮನುಷ್ಯ, ಲಂಚ ಮುಟ್ಟದವನು. ಯಂತ್ರ ದಕ್ಷವಾಗಿ ಬಳಕೆಯಾಗಿಲ್ಲ ಅಂದರೆ ಅಧಿಕಾರಿಯ ಪ್ರಾಮಾಣಿಕತೆಯ ಮೇಲೆ ಕೈಯಿಟ್ಟ ಹಾಗೆ ಕೇಳಿಸುತ್ತದೆ. ಸದ್ಯಕ್ಕೆ ‘ಸದ್ಬಳಕೆ’ ಅಂತ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.

ಜನರೇ ಲೆಕ್ಕ ಕೇಳುವುದಕ್ಕೆ ಕರ್ನಾಟಕದ ಪಂಚಾಯಿತಿಗಳಲ್ಲಿ ‘ಜಮಾಬಂದಿ’ ಇದೆ. ಹಳೆಯ ಕಂದಾಯ ಆಡಳಿತದಲ್ಲಿ ವರ್ಷಕ್ಕೊಮ್ಮೆ ಭೂಕಂದಾಯದ ಲೆಕ್ಕ ಕೂಡಿಸಿ ತೀರ್ಮಾನ ಮಾಡುವುದಕ್ಕೆ ಈ ಹೆಸರಿತ್ತು. ಆಗ ರೈತ ಸರ್ಕಾರದ ಮುಂದೆ ನಿಲ್ಲಬೇಕಿತ್ತು. 2000ದ ನಿಯಮಗಳು ಬಂದ ಮೇಲೆ ಅದೇ ಪದ ತಲೆಕೆಳಗಾಯಿತು. ಈಗ ಪಂಚಾಯಿತಿ ತನ್ನ ದಾಖಲೆಗಳನ್ನು ಜನರ ಮುಂದೆ ಇಡಬೇಕು, ಕಾಮಗಾರಿ ನಡೆದ ಜಾಗಕ್ಕೇ ಹೋಗಿ ತೋರಿಸಬೇಕು. ಪದ ಹಳೆಯದೇ, ಲೆಕ್ಕ ಕೇಳುವವರು ಬದಲಾದರು. 2005ರ ಉದ್ಯೋಗ ಖಾತರಿ ಕಾಯ್ದೆಯ 17ನೆಯ ಸೆಕ್ಷನ್ ಗ್ರಾಮಸಭೆಗೆ ವಹಿಸಿದ್ದು ‘ಸಾಮಾಜಿಕ ಪರಿಶೋಧನೆ’ಯನ್ನು. ಇಲ್ಲಿ ‘ಲೆಕ್ಕ’ ಬಿಟ್ಟುಹೋಗಿರುವುದನ್ನು ಗಮನಿಸಿ. ಮೊದಲ ಸಲ ಓದುವವರಿಗೆ ಸಮಾಜದ ಬಗ್ಗೆ ಯಾರೋ ಸಂಶೋಧನೆ ಮಾಡುತ್ತಿದ್ದಾರೆ ಅನ್ನಿಸುತ್ತದೆ. ಜಮಾಬಂದಿಯಲ್ಲಿ ಆ ಗೊಂದಲ ಇಲ್ಲ.

ಕೈಪಿಡಿಯ ಕೊನೆಯಲ್ಲಿ ಸಾರ್ವಜನಿಕ ಸೇವೆಯ ಸುಧಾರಣೆ ಬರುತ್ತದೆ. ಅಲ್ಲಿ ತೊಡಕು ‘ಸೇವೆ’ಯದು. ‘ನಾಗರಿಕ ಸೇವಾ ನಿಯಮಗಳು’ ಅಂದರೆ ನೌಕರರ ನಿಯಮಗಳು. ‘ನಾಗರಿಕ ಸೇವಾ ಕೇಂದ್ರ’ ಅಂದರೆ ಜನರಿಗೆ ದಾಖಲೆ ಕೊಡುವ ಜಾಗ. ಒಂದರಲ್ಲಿ ನೌಕರ, ಇನ್ನೊಂದರಲ್ಲಿ ಅರ್ಜಿದಾರ. ‘ಸೇವಾ ಸುಧಾರಣೆ’ ಅಂದರೆ ಬಡ್ತಿ, ವರ್ಗಾವಣೆಯ ಸುಧಾರಣೆಯೋ, ಪ್ರಮಾಣಪತ್ರ ಬೇಗ ಸಿಗುವ ಸುಧಾರಣೆಯೋ? ಎರಡನೆಯದಕ್ಕೆ ‘ಸಕಾಲ’ ಅಂತ ಹೆಸರಿಟ್ಟವರಿಗೆ ನಿಜಕ್ಕೂ ಕಿವಿ ಚೆನ್ನಾಗಿತ್ತು. 2011ರ ಕಾಯ್ದೆ, 2012ರಲ್ಲಿ ಜಾರಿಗೆ ಬಂತು. ಹೇಳಿದ ದಿನಕ್ಕೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಹೊಣೆ, ಉತ್ತರ, ಲೆಕ್ಕ ಮೂರೂ ಆ ಒಂದು ಸಣ್ಣ ಮೊತ್ತದಲ್ಲಿ ಕೂತಿವೆ.

ಕೇಂದ್ರದ ಎರಡು ಆಡಳಿತ ಸುಧಾರಣಾ ಆಯೋಗಗಳಿಗೂ ಕನ್ನಡಿಗರ ನಂಟಿದೆ. 1966ರಲ್ಲಿ ಶುರುವಾದ ಮೊದಲನೆಯದರಲ್ಲಿ ಮೊರಾರ್ಜಿ ದೇಸಾಯಿ ಅವರ ನಂತರ ಕೆಂಗಲ್ ಹನುಮಂತಯ್ಯ ಅಧ್ಯಕ್ಷರಾದರು. 2005ರ ಎರಡನೆಯದಕ್ಕೆ ವೀರಪ್ಪ ಮೊಯಿಲಿ. ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತಿದೆ. ದೇವರ ಕೆಲಸಕ್ಕೆ ಲೆಕ್ಕ ಯಾರು ಕೇಳುತ್ತಾರೆ ಅಂತ ಯಾರಾದರೂ ಅಂದರೆ, ದೇವಸ್ಥಾನದ ಹುಂಡಿಗೂ ಮುಜರಾಯಿಯಲ್ಲಿ ಲೆಕ್ಕ ಇದೆ ಅಂತ ನೆನಪಿಸಬೇಕು.

ಬಲ್ಲವರು ತಿಳಿಸಬೇಕಾದದ್ದು ಇಷ್ಟು. ‘ಲೆಕ್ಕ ಕೇಳು’ ಅನ್ನುವುದರಿಂದ ಒಂದು ನಾಮಪದ ಮಾಡಬಹುದೇ? ‘ಲೆಕ್ಕ ಕೇಳ್ಮೆ’ ಅಂತ ಒಬ್ಬ ಗೆಳೆಯರು ಕೊಟ್ಟರು, ನನಗೆ ಹಿಡಿಸಲಿಲ್ಲ. ಹಳೆಯ ಹೈದರಾಬಾದ್ ಮತ್ತು ಮುಂಬೈ ಆಡಳಿತದಲ್ಲಿದ್ದ ಜಿಲ್ಲೆಗಳ ಕಚೇರಿಗಳಲ್ಲಿ, ಕರಾವಳಿಯ ಕಡೆ, ಲೆಕ್ಕ ಕೇಳುವ ಕೆಲಸಕ್ಕೆ ಬೇರೆ ಹೆಸರಿತ್ತೇ? ಶಾಸನಗಳಲ್ಲಿ ಶ್ರೀಕರಣ, ಸೇನಬೋವ ಅಂತ ಲೆಕ್ಕ ಬರೆಯುವವರು ಸಿಗುತ್ತಾರೆ. ಆ ಲೆಕ್ಕವನ್ನು ಕೇಳುತ್ತಿದ್ದವರಿಗೆ ಏನನ್ನುತ್ತಿದ್ದರು ಅಂತ ಶಾಸನ ಓದಿದವರು ಹೇಳಿದರೆ ದೊಡ್ಡ ಉಪಕಾರ. ಹಳೆಯ ಕಂದಾಯ ದಾಖಲೆಯ ಒಂದೆರಡು ಸಾಲು ಇದ್ದರೆ ಸಂದರ್ಭದ ಸಮೇತ ಕೊಡಿ, ಬರೀ ಪದ ಬೇಡ.