ಡೀಸೆಲ್ ಪಿಕಪ್‌ಗೆ ಪವರ್ ಜಾಸ್ತಿ ಮಾಡಬೇಕು, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಡೆಯುತ್ತಾ?

ಪ್ರಶ್ನೆ: ಸರ್ ನಮಸ್ಕಾರ. ನನ್ನದು ಕಾಮನ್ ರೇಲ್ (ಎಲ್ಲ ಸಿಲಿಂಡರಿಗೂ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ) ಡೀಸೆಲ್ ಪಿಕಪ್, ಆರು ಗೇರಿನ ಆಟೋಮ್ಯಾಟಿಕ್, 1,20,000 ಕಿ.ಮೀ. ಓಡಿದೆ. ಖಾಲಿ ಓಡಿಸುವಾಗ ಏನೂ ತೊಂದರೆ ಇಲ್ಲ. ಎರಡು ಟನ್ನಿನ ಟ್ರೇಲರ್ ಕಟ್ಟಿ ಏರು ಹತ್ತುವಾಗ ಮಾತ್ರ ಏದುಸಿರು ಬಿಡುತ್ತದೆ. ಗೆಳೆಯನೊಬ್ಬ ಪವರ್ ಏರಿಸುವ ಟ್ಯೂನಿಂಗ್ ಬಾಕ್ಸ್ ಕೊಟ್ಟ, ರೇಲ್ ಪ್ರೆಶರ್ ಸೆನ್ಸರಿನ ವೈರಿಗೆ ಸಿಕ್ಕಿಸಿದರೆ ಮುಗೀತು, ಹತ್ತು ನಿಮಿಷದ ಕೆಲಸ ಅಂದ. ಸಿಕ್ಕಿಸಿದೆ, ಗಾಡಿ ಹಾರಿತು! ಆದರೆ ಮೂರನೇ ದಿನದಿಂದ 3ರಿಂದ 4ನೇ ಗೇರಿಗೆ ಹೋಗುವಾಗ ಆರ್‌ಪಿಎಂ ಒಂದು ಕ್ಷಣ ಸುಮ್ನೆ ಮೇಲಕ್ಕೆ ಹೋಗಿ, ಆಮೇಲೆ ಗೇರ್ ಹಿಡಿಯುತ್ತಿದೆ. ಬಾಕ್ಸಿಂದಲೇ ಹೀಗಾಗುತ್ತಿದೆಯಾ? ಗೇರ್‌ಬಾಕ್ಸ್ ಹಾಳಾಗದ ಹಾಗೆ ಪವರ್ ಜಾಸ್ತಿ ಮಾಡೋಕೆ ದಾರಿ ಇಲ್ವಾ?

ಉತ್ತರ: ಮೊದಲು ಆ ಬಾಕ್ಸ್ ಕಿತ್ತು ಪಕ್ಕಕ್ಕಿಡಿ, ಆಮೇಲೆ ಇದನ್ನು ಓದಿ.

ಮೇಲಿನ ಗೇರಿಗೆ ಹೋಗುವಾಗ ಆರ್‌ಪಿಎಂ ಇಳಿಯಬೇಕು. ಏರಿತು ಅಂದರೆ ಹಳೇ ಗೇರಿನ ಕ್ಲಚ್ ಕೈಬಿಟ್ಟಿದೆ, ಹೊಸದು ಇನ್ನೂ ಹಿಡಿದಿಲ್ಲ. ಆ ಅರ್ಧ ಸೆಕೆಂಡಿನಲ್ಲಿ ಪ್ಲೇಟುಗಳು ಒಂದಕ್ಕೊಂದು ಉಜ್ಜಿ ಸುಡುತ್ತವೆ. ಅವುಗಳ ಮೇಲಿನ ಲೈನಿಂಗ್ ಕಾಗದದ ಜಾತಿಯದ್ದು, ತೆಳ್ಳಗಿರುತ್ತದೆ. ಬ್ರೇಕ್ ಪ್ಯಾಡ್ ಥರ ಸವೆಯೋಕೆ ಅಲ್ಲಿ ಮಾಲೇ ಇಲ್ಲ.

ಯಾಕೆ ಜಾರಿತು ಅನ್ನುವುದು ತಿಳಿದರೆ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಸಿಗುತ್ತದೆ. ಆಟೋಮ್ಯಾಟಿಕ್‌ನಲ್ಲಿ ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಆಯಿಲ್ ಪ್ರೆಶರ್, ನಾವು ಲೈನ್ ಪ್ರೆಶರ್ ಅನ್ನುವುದು ಇದನ್ನೇ. ಎಷ್ಟು ಗಟ್ಟಿಯಾಗಿ ಒತ್ತಬೇಕು ಅಂತ ಗೇರ್‌ಬಾಕ್ಸಿನ ಕಂಪ್ಯೂಟರ್ ತಾನಾಗಿ ಅಳೆಯುವುದಿಲ್ಲ, ಇಂಜಿನ್ ಕಂಪ್ಯೂಟರನ್ನು ಕೇಳುತ್ತದೆ: ಈಗ ಎಷ್ಟು ಟಾರ್ಕ್, ಅಂದರೆ ತಿರುಗಿಸುವ ಬಲ, ಕಳಿಸ್ತಿದ್ದೀಯ? ಅದು ಹೇಳಿದ ಲೆಕ್ಕಕ್ಕೆ ಸರಿಯಾಗಿ ಒತ್ತುತ್ತದೆ.

ನಿಮ್ಮ ಬಾಕ್ಸ್ ಮಾಡಿದ್ದು ಏನು ಗೊತ್ತಾ? ರೇಲ್‌ನಲ್ಲಿರುವ ಪ್ರೆಶರನ್ನು ಕಡಿಮೆ ಮಾಡಿ ತೋರಿಸಿತು. ಇಂಜಿನ್ ಕಂಪ್ಯೂಟರ್ ಅಯ್ಯೋ ಕಡಿಮೆಯಾಯ್ತಲ್ಲ ಅಂತ ಪ್ರೆಶರ್ ಏರಿಸಿತು, ಇಂಜೆಕ್ಟರ್ ಅಷ್ಟೇ ಹೊತ್ತು ತೆರೆದರೂ ಡೀಸೆಲ್ ಜಾಸ್ತಿ ಬಿತ್ತು, ಟಾರ್ಕೂ ಜಾಸ್ತಿಯಾಯಿತು. ಆದರೆ ಇಂಜಿನ್ ಕಂಪ್ಯೂಟರಿಗೆ ಅದು ಗೊತ್ತೇ ಇಲ್ಲ. ಅದು ತನ್ನ ಹಳೇ ಲೆಕ್ಕವನ್ನೇ ಗೇರ್‌ಬಾಕ್ಸಿಗೆ ಕಳಿಸಿತು. 400 ನ್ಯೂಟನ್ ಮೀಟರ್ ಅಂತ ಹೇಳಿ 480 ಕಳಿಸಿದರೆ, 400ಕ್ಕೆ ಒತ್ತಿದ ಕ್ಲಚ್ ಜಾರದೆ ಇನ್ನೇನು ಮಾಡುತ್ತದೆ?

ಮೊದಲ ಎರಡು ದಿನ ಚೆನ್ನಾಗಿತ್ತಲ್ಲ ಅಂತ ನೀವು ಕೇಳಬಹುದು. ಕಂಪನಿಯವರು ಕ್ಲಚ್‌ನಲ್ಲಿ ಒಂದಿಷ್ಟು ಹೆಚ್ಚುವರಿ ಬಲ ಬಿಟ್ಟಿರುತ್ತಾರೆ. ಅದರ ಮೇಲೆ, ಗೇರ್‌ಬಾಕ್ಸ್ ಕಂಪ್ಯೂಟರಿಗೆ ಸ್ವಲ್ಪ ಜಾರಿದ್ದು ಕಂಡರೆ ಮುಂದಿನ ಸಲ ಇನ್ನಷ್ಟು ಒತ್ತಿ ಸರಿದೂಗಿಸುವ ಬುದ್ಧಿಯೂ ಇದೆ. ಆ ಸರಿದೂಗಿಸುವಿಕೆಗೂ ಒಂದು ಮಿತಿ ಇದೆ, ನಿಮ್ಮದು ಅಲ್ಲಿಗೆ ಬಂದು ನಿಂತಿದೆ. ಬಾಕ್ಸ್ ತೆಗೆದ ಮೇಲೆ ಸ್ವಲ್ಪ ದಿನ ಗೇರ್ ಧಡ್ ಅಂತ ಬೀಳಬಹುದು, ಹೆದರಬೇಡಿ. ಕಲಿತದ್ದನ್ನು ಮರೆಯೋಕೆ ಅದಕ್ಕೂ ಟೈಮ್ ಬೇಕು.

ಅದೇ ಸದಸ್ಯರು: ತೆಗೆದೆ ಸರ್. ಹಾಗಾದ್ರೆ ಬಾಕ್ಸ್ ಬೇಡ, ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಮನ್ನೇ ಬದಲಾಯಿಸಿ ಸರಿಯಾಗಿ ರೀಮ್ಯಾಪ್ ಮಾಡಿಸಿದ್ರೆ ಪರವಾಗಿಲ್ವಾ?

ಉತ್ತರ: ಅದು ಮಾಡುವವರ ಮೇಲೆ ನಿಂತಿದೆ. ರೀಮ್ಯಾಪ್ ಅಂತ ಹೆಸರಿಟ್ಟುಕೊಂಡು ಬಾಕ್ಸ್ ಮಾಡುವ ಕೆಲಸವನ್ನೇ ಲ್ಯಾಪ್‌ಟಾಪಿನಲ್ಲಿ ಮಾಡುವವರು ಇದ್ದಾರೆ. ಡೀಸೆಲ್ ಏರಿಸುತ್ತಾರೆ, ಟಾರ್ಕ್ ಲೆಕ್ಕದ ಟೇಬಲ್ ಮುಟ್ಟುವುದಿಲ್ಲ. ಅವರಿಗೆ ಒಂದೇ ಪ್ರಶ್ನೆ ಕೇಳಿ: "ಗೇರ್‌ಬಾಕ್ಸಿಗೆ ಹೋಗುವ ಟಾರ್ಕ್ ಲೆಕ್ಕವನ್ನೂ ಸರಿ ಮಾಡ್ತೀರಾ?" ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನೊಂದು, ಗೇರ್ ಬದಲಾಗುವ ಕ್ಷಣದಲ್ಲಿ ಇಂಜಿನ್ ಬೇಕಂತಲೇ ಟಾರ್ಕ್ ಇಳಿಸುತ್ತದೆ, ಕ್ಲಚ್‌ಗಳು ಹೊರೆ ಇಲ್ಲದೆ ಕೈ ಬದಲಿಸಲಿ ಅಂತ. ಓಟ ಚುರುಕಾಗಲಿ ಅಂತ ಕೆಲವರು ಅದನ್ನೇ ತೆಗೆದು ಹಾಕುತ್ತಾರೆ. ಅದಕ್ಕೆ ಕೈ ಹಾಕಲು ಬಿಡಬೇಡಿ.

ಈಗ ನಿಮಗೆ ನಿಜವಾಗಿ ಬೇಕಾಗಿರುವುದು ಏನು ಅಂತ ನೋಡೋಣ. ಏರಿನಲ್ಲಿ ಬೇಕಾಗಿರುವುದು ಪವರ್. ಗೇರ್‌ಬಾಕ್ಸ್ ಅನ್ನು ಮುರಿಯುವುದು ಟಾರ್ಕ್. ಎರಡೂ ಒಂದೇ ಅಲ್ಲ. ಪವರ್ ಅಂದರೆ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿದ್ದು. 500 ನ್ಯೂಟನ್ ಮೀಟರ್ ಟಾರ್ಕ್ 1500 ಆರ್‌ಪಿಎಂನಲ್ಲಿ ಸುಮಾರು 79 ಕಿಲೋವ್ಯಾಟ್ ಕೊಡುತ್ತದೆ. ಅದೇ 500, 2500ರಲ್ಲಿ 131 ಕಿಲೋವ್ಯಾಟ್. ಗೇರ್‌ಬಾಕ್ಸಿನ ಕ್ಲಚ್ ಮತ್ತು ಶಾಫ್ಟಿಗೆ ಎರಡು ಕಡೆಯೂ ಒಂದೇ ಹೊರೆ.

ಅದಕ್ಕೇ ನಾನು ಹೇಳುವುದು, ಗರಿಷ್ಠ ಟಾರ್ಕನ್ನು ಏರಿಸಬೇಡಿ, ಟಾರ್ಕ್ ಮೇಲಿನ ಆರ್‌ಪಿಎಂವರೆಗೂ ಉಳಿಯುವ ಹಾಗೆ ಉದ್ದ ಮಾಡಿ. ನಿಮ್ಮ ಇಂಜಿನ್ 500 ಕೊಟ್ಟು, 3000ಕ್ಕೆ ಬರುವಷ್ಟರಲ್ಲಿ 400ಕ್ಕೆ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ಅಲ್ಲಿ ಪವರ್ 126 ಕಿಲೋವ್ಯಾಟ್. ಆ ಜಾಗದಲ್ಲಿ 460 ಉಳಿಸಿಕೊಂಡರೆ 145 ಆಗುತ್ತದೆ. 25 ಎಚ್‌ಪಿ ಜಾಸ್ತಿ ಸಿಕ್ಕಿತು, ಆದರೆ ಗೇರ್‌ಬಾಕ್ಸ್ ಇದುವರೆಗೆ ಕಾಣದ ಟಾರ್ಕ್ ಒಂದು ಚೂರೂ ಇಲ್ಲ. ಮಾಮೂಲಿ ಟ್ಯೂನ್ ಮಾಡುವವರು ಇದರ ಉಲ್ಟಾ ಮಾಡುತ್ತಾರೆ. 1600ರಲ್ಲೇ ಪೂರ್ತಿ ಸುರಿಯುತ್ತಾರೆ, ಯಾಕಂದರೆ ಟೆಸ್ಟ್ ಡ್ರೈವ್‌ನಲ್ಲಿ ಸೀಟಿಗೆ ಬೆನ್ನು ಒತ್ತಿದರೆ ಗಿರಾಕಿಗೆ ಖುಷಿ.

ಹೊಗೆಯ ಬಿಸಿಯನ್ನೂ ನೋಡಿಕೊಳ್ಳಿ. ಟರ್ಬೊಗೆ ಮುಂಚೆ ಅಳೆದಾಗ 700 ಡಿಗ್ರಿ ಸುತ್ತಮುತ್ತ ಬಹಳ ಹೊತ್ತು ನಿಂತರೆ ಅಲ್ಲಿಗೆ ಸಾಕು ಅಂತ ಕಾಲು ಸಡಿಲಿಸಬೇಕು. ಗೇರ್‌ಬಾಕ್ಸ್ ಉಳಿಸಿ ಪಿಸ್ಟನ್ ಕಳೆದುಕೊಂಡರೆ ಏನು ಬಂತು.

ಇನ್ನೊಬ್ಬ ಸದಸ್ಯರು: ಅಣ್ಣಾ, ನಡುವೆ ಬಾಯಿ ಹಾಕ್ತೀನಿ. ನನ್ನ ಗಾಡಿಯಲ್ಲಿ ಗೇರ್ ಆಯಿಲ್ ಟೆಂಪರೇಚರ್ ತೋರಿಸುತ್ತೆ. ಟ್ರೇಲರ್ ಇದ್ದಾಗ 110 ಹತ್ತಿರ ಹೋಗುತ್ತೆ. ಆಯಿಲ್ ಜೀವನಪೂರ್ತಿ ಬದಲಾಯಿಸೋದು ಬೇಡ ಅಂತ ಗಾಡಿ ಕೊಟ್ಟವರು ಹೇಳಿದ್ದರು. ಚಿಂತೆ ಮಾಡಬೇಕಾ?

ಉತ್ತರ: ಯಾರ ಜೀವನ ಅಂತ ಕೇಳಬೇಕಿತ್ತು, ಗೇರ್‌ಬಾಕ್ಸಿನದ್ದಾ ವಾರಂಟಿಯದ್ದಾ!

80ರಿಂದ 95 ಡಿಗ್ರಿ ಇದ್ದರೆ ನನಗೆ ನೆಮ್ಮದಿ. ಗೇರ್‌ಬಾಕ್ಸ್ ಕೆಲಸದವರಲ್ಲಿ ಒಂದು ಹಳೇ ಅಂದಾಜು ಲೆಕ್ಕ ಇದೆ: 80ರ ಮೇಲೆ ಪ್ರತಿ 11 ಡಿಗ್ರಿಗೆ ಆಯಿಲ್ ಆಯಸ್ಸು ಅರ್ಧ ಆಗುತ್ತದೆ. ಈಗಿನ ಸಿಂಥೆಟಿಕ್ ಆಯಿಲ್‌ಗಳು ಇದಕ್ಕಿಂತ ತಡೆಯುತ್ತವೆ, ಆದರೂ 110ರಲ್ಲಿ ದಿನವೂ ದುಡಿಸುವುದಾದರೆ ಆಯಿಲ್ ಬದಲಾಯಿಸದೆ ಇರುವ ಮಾತೇ ಇಲ್ಲ.

ಬಿಸಿ ಎಲ್ಲಿಂದ ಬರುತ್ತದೆ ನೋಡಿ. ಹೆಚ್ಚಿನದು ಟಾರ್ಕ್ ಕನ್ವರ್ಟರಿಂದ, ಅಂದರೆ ಇಂಜಿನ್ನಿನ ತಿರುಗುವಿಕೆಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗದಿಂದ. ಲಾಕಪ್ ಆಗದೆ ಇದ್ದಾಗ, ಅಂದರೆ ಅದರ ಎರಡು ಕಡೆಯನ್ನೂ ಬಿಗಿಯಾಗಿ ಜೋಡಿಸುವ ಕ್ಲಚ್ ಹಿಡಿಯದೆ ಇದ್ದಾಗ, ಇಂಜಿನ್ ಕಡೆಯ ತಿರುಗಣಿ ಗೇರ್‌ಬಾಕ್ಸ್ ಕಡೆಯದ್ದಕ್ಕಿಂತ ಜೋರಾಗಿ ತಿರುಗುತ್ತದೆ, ವ್ಯತ್ಯಾಸವೆಲ್ಲ ಆಯಿಲ್ ಕಡೆಯುವುದಕ್ಕೆ ಹೋಗುತ್ತದೆ, ಮಜ್ಜಿಗೆ ಕಡೆದ ಹಾಗೆ. 500 ನ್ಯೂಟನ್ ಮೀಟರ್‌ನಲ್ಲಿ ಬರೀ 300 ಆರ್‌ಪಿಎಂ ವ್ಯತ್ಯಾಸ ಇದ್ದರೂ ಸುಮಾರು 16 ಕಿಲೋವ್ಯಾಟ್ ಬಿಸಿ. ನೀರು ಕಾಯಿಸುವ 2 ಕಿಲೋವ್ಯಾಟಿನ ಹೀಟರ್ ಏಳೆಂಟು ಒಟ್ಟಿಗೆ ಆ ಆಯಿಲ್‌ನೊಳಗೆ ಮುಳುಗಿಸಿಟ್ಟಂತೆ. ಪವರ್ ಜಾಸ್ತಿ ಮಾಡಿದವರು ಆಯಿಲ್ ಕೂಲರ್ ದೊಡ್ಡದು ಮಾಡದಿದ್ದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾ.

ಕೆಲಸಕ್ಕೆ ಬರುವ ವಿಷಯ ಹೇಳುತ್ತೇನೆ. ಏರಿನಲ್ಲಿ ಮೇಲಿನ ಗೇರಿನಲ್ಲಿ ತಿಣುಕುತ್ತಾ ಹೋಗಬೇಡಿ. ಟ್ರೇಲರ್ ಎಳೆಯುವಾಗ ಬಳಸುವ ಟೋ ಮೋಡ್ ಒತ್ತಿ, ಅಥವಾ ಕೈಯಿಂದಲೇ ಒಂದು ಗೇರ್ ಇಳಿಸಿ ಲಾಕಪ್ ಹಿಡಿದಿರುವ ಹಾಗೆ ನೋಡಿಕೊಳ್ಳಿ. ಇಂಜಿನ್ ಕಿರುಚಿದರೂ ಪರವಾಗಿಲ್ಲ, ಆಯಿಲ್ ತಣ್ಣಗಿರುತ್ತದೆ. ಲಾಕಪ್ ಇದೆಯೋ ಇಲ್ಲವೋ ಗೊತ್ತಾಗಬೇಕಾ? ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಾ, ಆಕ್ಸಿಲರೇಟರ್ ಬಿಡದೆ ಎಡಗಾಲಿನಲ್ಲಿ ಬ್ರೇಕ್ ಪೆಡಲನ್ನು ಲೈಟ್ ಹೊತ್ತುವಷ್ಟು ಮಾತ್ರ ಮುಟ್ಟಿ. ಬಹಳಷ್ಟು ಗಾಡಿಗಳಲ್ಲಿ ಲಾಕಪ್ ಬಿಟ್ಟು ಆರ್‌ಪಿಎಂ ತಟ್ಟನೆ 200-300 ಏರುತ್ತದೆ, ಕಾಲು ತೆಗೆದರೆ ಮತ್ತೆ ಕೂರುತ್ತದೆ. ಏರಿದರೆ ಅಲ್ಲಿಯವರೆಗೆ ಲಾಕಪ್ ಹಿಡಿದಿತ್ತು ಅಂತ ಲೆಕ್ಕ.

ಮತ್ತೆ, ಮೀಟರ್ ಎಲ್ಲಿಂದ ಓದುತ್ತಿದೆ ಅಂತಲೂ ತಿಳಿದುಕೊಳ್ಳಿ. ಪ್ಯಾನಿನಲ್ಲಿ, ಅಂದರೆ ಗೇರ್‌ಬಾಕ್ಸಿನ ತಳದ ಆಯಿಲ್ ತಟ್ಟೆಯಲ್ಲಿ, 95 ಇರುವಾಗ ಕನ್ವರ್ಟರಿಂದ ಹೊರಬರುವ ಪೈಪಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇರಬಹುದು.

ಮತ್ತೊಬ್ಬ ಸದಸ್ಯರು: ಇಷ್ಟೆಲ್ಲ ಯಾಕೆ ಗುರುಗಳೇ, ಶಿಫ್ಟ್ ಕಿಟ್ (ಗೇರ್ ಬೀಳುವ ರೀತಿ ಬದಲಿಸುವ ಸ್ಪ್ರಿಂಗ್, ವಾಲ್ವುಗಳ ಸೆಟ್) ಹಾಕಿ ಲೈನ್ ಪ್ರೆಶರ್ ಏರಿಸಿದ್ರೆ ಆಗಲ್ವಾ? ಜಾರೋದೇ ಇಲ್ಲ.

ಉತ್ತರ: ಒಂದು ಮಟ್ಟಕ್ಕೆ ಆಗುತ್ತದೆ, ನಾನೂ ಹಾಕಿದ್ದೇನೆ. ಆದರೆ ಅತಿಯಾದರೆ ಅಮೃತವೂ ವಿಷ. ಪ್ರೆಶರ್ ವಿಪರೀತ ಏರಿಸಿದರೆ ಗೇರ್ ಒದ್ದ ಹಾಗೆ ಬೀಳುತ್ತದೆ, ಪಂಪಿನ ಮೇಲೆ ಹೊರೆ, ಸೀಲುಗಳ ಮೇಲೆ ಹೊರೆ. ಪ್ಲೇಟ್ ಜಾರುವುದು ನಿಂತರೆ ಅದರ ಮುಂದಿನ ದುರ್ಬಲ ಭಾಗ ಮುರಿಯುತ್ತದೆ. ಒಂದು ಸಲ ನನ್ನ ಬೆಂಚಿಗೆ ಬಂದ ಗೇರ್‌ಬಾಕ್ಸಿನಲ್ಲಿ ಕ್ಲಚ್ ಪ್ಲೇಟುಗಳು ಹೊಸದರಂತೆ ಇದ್ದವು, ಇನ್‌ಪುಟ್ ಶಾಫ್ಟ್ ಮಾತ್ರ ಹಿಂಡಿದ ಬಟ್ಟೆಯ ಹಾಗೆ ತಿರುಚಿ ತುಂಡಾಗಿತ್ತು.

ದೊಡ್ಡ ಪವರ್ ಬೇಕೇ ಬೇಕು ಅನ್ನುವವರು ಮೊದಲು ಗೇರ್‌ಬಾಕ್ಸ್ ಕಟ್ಟಿಸಬೇಕು, ಆಮೇಲೆ ಇಂಜಿನ್. ಗಟ್ಟಿ ಲಾಕಪ್ ಇರುವ ಕನ್ವರ್ಟರ್, ಹೆಚ್ಚು ಪ್ಲೇಟುಗಳ ಕ್ಲಚ್, ಆಯಿಲ್ ಪ್ರೆಶರ್ ಹಂಚುವ ವಾಲ್ವ್ ಬಾಡಿ, ಶಾಫ್ಟ್, ಕೂಲರ್, ಎಲ್ಲ ಒಂದಕ್ಕೊಂದು ಹೊಂದುವ ಹಾಗೆ. ಒಂದನ್ನೇ ಬದಲಾಯಿಸಿದರೆ ರೋಗ ಪಕ್ಕದ ಮನೆಗೆ ಹೋಗುತ್ತದೆ ಅಷ್ಟೆ.

ಇದೇನು ನನ್ನ ಹೆದರಿಕೆ ಮಾತ್ರ ಅಲ್ಲ. ಅಮೆರಿಕದ ಡಾಡ್ಜ್ ರಾಮ್ ಪಿಕಪ್ ನೋಡಿ. 2001ರಲ್ಲಿ ಅದರ 5.9 ಲೀಟರಿನ ಕಮಿನ್ಸ್ ಇಂಜಿನ್ನಿಗೆ 505 ಪೌಂಡ್-ಫೀಟ್, ಅಂದರೆ ಸುಮಾರು 685 ನ್ಯೂಟನ್ ಮೀಟರಿನ ಹೈ ಔಟ್‌ಪುಟ್ ರೂಪ ಬಂತು. ಅದನ್ನು ಕೊಟ್ಟಿದ್ದು ಆರು ಗೇರಿನ ಮ್ಯಾನುವಲ್ ಜೊತೆ ಮಾತ್ರ. ಆಟೋಮ್ಯಾಟಿಕ್ ತಗೊಂಡವರಿಗೆ ಕಡಿಮೆ ಟಾರ್ಕಿನ ಇಂಜಿನ್ನೇ ಗತಿ. ಇಂಜಿನ್ ಅದೇ ಮನೆಯದ್ದು. ಗೇರ್‌ಬಾಕ್ಸ್ ಎಷ್ಟು ತಡೆಯುತ್ತದೆ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬಂದೇ ಬರುತ್ತಿತ್ತು.

ಮೊದಲ ಸದಸ್ಯರು: ಸರ್, ಬಾಕ್ಸ್ ತೆಗೆದು ಹತ್ತು ದಿನ ಆಯ್ತು. ಆರ್‌ಪಿಎಂ ಈಗ ಏರಲ್ಲ, ಗೇರ್ ಸರಿಯಾಗಿ ಬೀಳ್ತಿದೆ. ನೀವು ಆಯಿಲ್ ಬಗ್ಗೆ ಹೇಳಿದ್ದು ಓದಿ ಆಯಿಲ್ ಪ್ಯಾನ್ ಬಿಚ್ಚಿಸಿದೆ. ಆಯಿಲ್ ಕಂದು ಬಣ್ಣಕ್ಕೆ ತಿರುಗಿದೆ, ಸ್ವಲ್ಪ ಸೀದ ವಾಸನೆ. ಪ್ಯಾನಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಕೆಸರು ಥರ ಅಂಟಿದೆ. ಫೋಟೋ ಹಾಕಿದ್ದೀನಿ. ಮುಗೀತಾ ಕಥೆ?

ಉತ್ತರ: ಫೋಟೋ ನೋಡಿದೆ. ಮುಗಿದಿಲ್ಲ, ಬಚಾವಾಗಿದ್ದೀರಿ.

ಆ ಬೂದು ಕೆಸರು ಮಾಮೂಲಿ ಸವೆತದ ಹುಡಿ, ಬೆರಳಲ್ಲಿ ಉಜ್ಜಿದರೆ ನುಣ್ಣಗೆ ಇರಬೇಕು. ಉಜ್ಜಿದಾಗ ಚುಚ್ಚಿದರೆ, ಹೊಳೆಯುವ ಚೂರು ಕಂಡರೆ ಅದು ಲೋಹ, ಆಗ ಗೇರ್‌ಬಾಕ್ಸ್ ಇಳಿಸಲೇಬೇಕು. ಪ್ಯಾನಿನ ತಳದಲ್ಲಿ ಕಪ್ಪು ಹುಡಿ ದಪ್ಪಗೆ ಕೂತಿದ್ದರೆ ಅದು ಪ್ಲೇಟಿನ ಲೈನಿಂಗ್. ನಿಮ್ಮ ಫೋಟೋದಲ್ಲಿ ಎರಡೂ ಕಾಣುತ್ತಿಲ್ಲ.

ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ. ಮ್ಯಾನುವಲ್‌ನಲ್ಲಿ (ಗಾಡಿಯ ಜೊತೆ ಬಂದ ಪುಸ್ತಕದಲ್ಲಿ) ಹೇಳಿದ ಆಯಿಲ್ಲೇ ಹಾಕಿ, ಎಲ್ಲ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಒಂದೇ ಅನ್ನುವವರ ಮಾತು ಕೇಳಬೇಡಿ, ಕ್ಲಚ್ ಹಿಡಿಯುವ ಗುಣ ಒಂದೊಂದರಲ್ಲಿ ಒಂದೊಂದು ಥರ. ಪ್ಯಾನ್ ಬಿಚ್ಚಿದರೆ ಅರ್ಧದಷ್ಟು ಆಯಿಲ್ ಕನ್ವರ್ಟರಿನಲ್ಲೇ ಉಳಿದಿರುತ್ತದೆ. ಹಾಗಾಗಿ ಒಂದೆರಡು ಸಾವಿರ ಕಿ.ಮೀ. ಬಿಟ್ಟು ಇನ್ನೊಂದು ಸಲ ಬದಲಾಯಿಸಿ. ಲೆವೆಲ್ ನೋಡುವಾಗ ಇಂಜಿನ್ ಓಡುತ್ತಿರಬೇಕು, ಆಯಿಲ್ ಮ್ಯಾನುವಲ್ ಹೇಳಿದ ಬಿಸಿಯಲ್ಲಿರಬೇಕು, ಕಣ್ಣಳತೆ ಬೇಡ. ಆಮೇಲೆ ಸ್ಕ್ಯಾನರ್ ಹಾಕಿ ಹಳೇ ಕಲಿಕೆ ಅಳಿಸಿ ಹೊಸದಾಗಿ ಕಲಿಸಲಿ. ಕೂಲರ್ ಒಂದು ಸೇರಿಸಿ. ಎರಡನೇ ಸಲ ತೆಗೆದ ಆಯಿಲ್ ಕೆಂಪಗೇ ಇದ್ದರೆ ರೀಮ್ಯಾಪ್ ಬಗ್ಗೆ ಮಾತಾಡೋಣ, ಅಲ್ಲಿಯವರೆಗೆ ಏರಿನಲ್ಲಿ ಒಂದು ಗೇರ್ ಇಳಿಸಿಕೊಂಡೇ ಹೋಗಿ.

ಹಾಂ, ಪ್ಯಾನ್ ಮುಚ್ಚುವಾಗ ಮ್ಯಾಗ್ನೆಟ್ ಒರೆಸಿ ಅದೇ ಜಾಗಕ್ಕೆ ಇಡಿಸಿ. ಬೆಂಚಿನ ಮೇಲೆ ಮರೆತು ಪ್ಯಾನ್ ಮುಚ್ಚಿಬಿಡುವವರು ಜಾಸ್ತಿ.